ಸ್ವೀಡನ್‌ಗೆ ಹೊಸದಾಗಿ ಬಂದವರು ಎಸ್‌ಎಫ್‌ಐ ತರಗತಿ ಸೇರುವುದು ಹೇಗೆ?

ಕೆಲಸ ಸಿಕ್ಕು ಸ್ವೀಡನ್‌ಗೆ ಬಂದವರು, ಅವರ ಜೊತೆ ಬಂದ ಗಂಡ ಅಥವಾ ಹೆಂಡತಿ, ಎಲ್ಲರೂ ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಒಂದೇ. ಸ್ವೀಡಿಷ್ ಕಲಿಯಲು ಎಲ್ಲಿ ಹೆಸರು ಕೊಡಬೇಕು? ದುಡ್ಡು ಎಷ್ಟು? ಕೆಲಸ ಬಿಡದೆ ಕಲಿಯಬಹುದಾ? ಒಂದಕ್ಷರವೂ ಬರದ ನನ್ನನ್ನು ‘ಸಿ’ ಕೋರ್ಸಿಗೆ ಯಾಕೆ ಹಾಕಿದರು? ಇವಕ್ಕೆಲ್ಲ ಒಂದೇ ಕಡೆ, ಮೊದಲಿಂದ ಕೊನೆಯವರೆಗೆ ಉತ್ತರ ಸಿಗಲಿ ಎಂದು ಈ ಬರಹ.

ಎಸ್‌ಎಫ್‌ಐ ಎಂದರೆ ‘ಸ್ವೆನ್ಸ್ಕ ಫೋರ್ ಇನ್‌ವಂದ್ರರೆ’, ವಲಸೆ ಬಂದವರಿಗಾಗಿ ಸ್ವೀಡಿಷ್. ವಲಸಿಗರಿಗೆ ಉಚಿತವಾಗಿ ಭಾಷೆ ಕಲಿಸುವ ಏರ್ಪಾಡು ಈ ದೇಶದಲ್ಲಿ 1965ರಿಂದಲೂ ಇದೆ. ಈಗ ಅದು ಶಾಲಾ ಕಾನೂನಿನ ಭಾಗ. ದೇಶದಲ್ಲಿರುವ 290 ಕೊಮ್ಯೂನ್‌ಗಳಲ್ಲಿ (ಕೊಮ್ಯೂನ್ ಎಂದರೆ ನಮ್ಮ ನಗರಸಭೆ, ಪುರಸಭೆಯಂಥ ಸ್ಥಳೀಯ ಆಡಳಿತ) ಪ್ರತಿಯೊಂದೂ ತನ್ನ ನಿವಾಸಿಗಳಿಗೆ ಇದನ್ನು ಒದಗಿಸಲೇಬೇಕು. ತರಗತಿಗೆ ಶುಲ್ಕವಿಲ್ಲ. ಪುಸ್ತಕವನ್ನು ಕೆಲವು ಶಾಲೆಗಳು ಎರವಲು ಕೊಡುತ್ತವೆ, ಕೆಲವು ಕಡೆ ನೀವೇ ಕೊಳ್ಳಬೇಕು. ಕೊಳ್ಳುವುದಾದರೆ ತರಗತಿ ಶುರುವಾಗಿ ಶಿಕ್ಷಕರು ಇಂಥದ್ದೇ ಎಂದು ಹೇಳುವವರೆಗೆ ಕಾಯಿರಿ. ಹಿಂದಿನ ತಂಡದವರ ಹತ್ತಿರ ಹಳೆಯ ಪ್ರತಿ ಸಿಕ್ಕೀತು, ಆದರೆ ಆವೃತ್ತಿ ಬದಲಾಗಿದೆಯಾ ನೋಡಿಕೊಳ್ಳಿ.

ಯಾರು ಸೇರಬಹುದು ಎಂದರೆ, ಸ್ವೀಡನ್‌ನ ನಿವಾಸಿ ಎಂದು ನೋಂದಣಿಯಾಗಿರಬೇಕು, ಸ್ವೀಡಿಷ್‌ನ ಬುನಾದಿ ಜ್ಞಾನ ಇಲ್ಲದವರಾಗಿರಬೇಕು, ಮತ್ತು 16 ವರ್ಷ ತುಂಬುವ ವರ್ಷದ ಜುಲೈ 1 ದಾಟಿರಬೇಕು. ವೀಸಾ ಕೆಲಸದ್ದೋ, ಕುಟುಂಬದ್ದೋ ಎಂಬುದು ಇಲ್ಲಿ ಮುಖ್ಯವಲ್ಲ. ನೋಂದಣಿ ಮುಖ್ಯ. ಎಲ್ಲ ತಡವೂ ಶುರುವಾಗುವುದು ಅಲ್ಲಿಂದಲೇ, ಆದ್ದರಿಂದ ನಾವೂ ಅಲ್ಲಿಂದಲೇ ಹೊರಡೋಣ.

ಹಂತ 1: ನಿವಾಸಿಯಾಗಿ ನೋಂದಣಿ

ತೆರಿಗೆ ಇಲಾಖೆಯ ಹೆಸರು ಸ್ಕತ್ತೆವೆರ್ಕೆತ್. ಜನನ, ಮದುವೆ, ವಿಳಾಸ ಎಲ್ಲದರ ದಾಖಲೆಯೂ ಇವರದೇ ಕೈಯಲ್ಲಿ. ಇಲ್ಲಿ ಆಗುವ ನಿವಾಸಿ ನೋಂದಣಿಗೆ ‘ಫೊಲ್ಕ್‌ಬೂಕ್‌ಫೋರಿಂಗ್’ ಎನ್ನುತ್ತಾರೆ. ಕನಿಷ್ಠ ಒಂದು ವರ್ಷ ಸ್ವೀಡನ್‌ನಲ್ಲಿ ಇರುವವರಿಗೆ ಮಾತ್ರ ಇದು. ನೋಂದಣಿಯಾದರೆ ‘ಪೆರ್ಸೂನ್‌ನುಮ್ಮರ್’ ಬರುತ್ತದೆ. ಹುಟ್ಟಿದ ದಿನಾಂಕದ ಜೊತೆ ನಾಲ್ಕು ಅಂಕಿ ಸೇರಿದ ಈ ವೈಯಕ್ತಿಕ ಸಂಖ್ಯೆ ಇಲ್ಲದೆ ಇಲ್ಲಿ ಒಂದು ಹೆಜ್ಜೆಯೂ ಮುಂದಕ್ಕೆ ಹೋಗುವುದಿಲ್ಲ.

ದೇಶಕ್ಕೆ ಬಂದ ಒಂದು ವಾರದೊಳಗೆ ಈ ಮಾಹಿತಿ ಕೊಡಬೇಕು ಎಂಬುದು ನಿಯಮ. ಸರ್ಕಾರಿ ಸೇವಾ ಕೇಂದ್ರಕ್ಕೆ ಖುದ್ದಾಗಿ, ಮಕ್ಕಳ ಸಮೇತ ಹೋಗಿ. ಪಾಸ್‌ಪೋರ್ಟ್, ವಾಸದ ಪರವಾನಗಿಯ ಕಾರ್ಡ್, ಮದುವೆಯ ಪ್ರಮಾಣಪತ್ರ, ಮಕ್ಕಳ ಜನನ ಪ್ರಮಾಣಪತ್ರ, ಎಲ್ಲದರ ಮೂಲಪ್ರತಿಯನ್ನೂ ಇಟ್ಟುಕೊಳ್ಳಿ. ಮದುವೆಯ ಪತ್ರ ಊರಲ್ಲೇ ಉಳಿದುಬಿಟ್ಟಿದ್ದರೆ ತರಿಸಿಕೊಳ್ಳುವುದರಲ್ಲೇ ವಾರಗಳು ಹೋಗುತ್ತವೆ. ಇನ್ನೂ ಹೊರಟಿಲ್ಲದವರು ಇದನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಲಗೇಜಿನಲ್ಲಿ ಬೇಡ. ನೋಂದಣಿಗೂ ಕೆಲವು ವಾರ ಹಿಡಿಯುತ್ತದೆ.

ಒಂದು ವರ್ಷಕ್ಕಿಂತ ಕಡಿಮೆ ಅವಧಿಗೆ ಬಂದವರಿಗೆ ಸಿಗುವುದು ಬೇರೆ ಸಂಖ್ಯೆ, ‘ಸಮೋಡ್ನಿಂಗ್ಸ್‌ನುಮ್ಮರ್’. ಕಚೇರಿಗಳ ನಡುವೆ ನಿಮ್ಮನ್ನು ಗುರುತಿಸಲು ಮಾತ್ರ ಇದು. ನೋಡಲು ಎರಡೂ ಒಂದೇ ಥರ ಇರುವುದರಿಂದ ಬಹಳ ಮಂದಿ ಇದನ್ನೇ ತುಂಬಿ ಎಸ್‌ಎಫ್‌ಐಗೆ ಅರ್ಜಿ ಹಾಕುತ್ತಾರೆ, ಅದು ವಾಪಸ್ ಬರುತ್ತದೆ. ಸುಲಭದ ಗುರುತು ಹೇಳುತ್ತೇನೆ: ಸಮೋಡ್ನಿಂಗ್ಸ್‌ನುಮ್ಮರ್‌ನಲ್ಲಿ ಹುಟ್ಟಿದ ತಾರೀಖಿಗೆ 60 ಕೂಡಿಸಿರುತ್ತಾರೆ. 14ನೇ ತಾರೀಖು ಹುಟ್ಟಿದವರ ಸಂಖ್ಯೆಯಲ್ಲಿ 74 ಎಂದಿದ್ದರೆ ಅದು ಪೆರ್ಸೂನ್‌ನುಮ್ಮರ್ ಅಲ್ಲ. ಐರೋಪ್ಯ ಒಕ್ಕೂಟದ ನಾಗರಿಕರಿಗೆ ಬೇರೆ ದಾರಿ ಇದೆ, ಅಂಥವರು ನೇರವಾಗಿ ಕೊಮ್ಯೂನ್ ಅನ್ನೇ ಕೇಳಬೇಕು.

ಹಂತ 2: ಅಂಚೆಪೆಟ್ಟಿಗೆಗೆ ಹೆಸರು, ಕೈಗೆ ಬ್ಯಾಂಕ್‌ಐಡಿ

ಚಿಕ್ಕ ವಿಷಯ ಅನ್ನಿಸುತ್ತದೆ, ಆದರೆ ತರಗತಿ ತಪ್ಪಿಸಿಕೊಳ್ಳುವವರಲ್ಲಿ ಇದರಿಂದಲೇ ತಪ್ಪಿಸಿಕೊಳ್ಳುವವರು ಎಷ್ಟೋ ಮಂದಿ. ಸ್ವೀಡನ್‌ನಲ್ಲಿ ಮನೆಯ ಬಾಗಿಲ ಮೇಲೋ ಅಂಚೆಪೆಟ್ಟಿಗೆಯ ಮೇಲೋ ನಿಮ್ಮ ಹೆಸರಿಲ್ಲದಿದ್ದರೆ ಕಾಗದ ವಾಪಸ್ ಹೋಗಬಹುದು. ಬೇರೆಯವರ ಹೆಸರಿನ ಮನೆಯಲ್ಲಿ ಒಳಬಾಡಿಗೆಗೆ ಇದ್ದರಂತೂ ಇದು ಖಾತ್ರಿ. ಮೂಲ ಬಾಡಿಗೆದಾರರನ್ನು ಕೇಳಿ, ಅವರ ಹೆಸರಿನ ಕೆಳಗೆ ನಿಮ್ಮ ಮನೆತನದ ಹೆಸರನ್ನು, ಪಾಸ್‌ಪೋರ್ಟ್‌ನಲ್ಲಿ ಇರುವಂತೆಯೇ ಅಂಟಿಸಿ. ನಮ್ಮಲ್ಲಿ ಒಬ್ಬೊಬ್ಬರ ಕೊನೆಯ ಹೆಸರು ಒಂದೊಂದು ಇರುತ್ತದಲ್ಲ, ಆದ್ದರಿಂದ ಗಂಡನ ಹೆಸರು ಒಂದನ್ನೇ ಹಾಕಿದರೆ ಹೆಂಡತಿಯ ಕಾಗದ ಬರುವುದಿಲ್ಲ. ಮನೆಯಲ್ಲಿರುವ ಎಲ್ಲರ ಹೆಸರೂ ಬೇಕು. ವಿಳಾಸದಲ್ಲಿ ‘ಕೇರ್ ಆಫ್’ ಬೇಕಿದ್ದರೆ ಅದನ್ನೂ ನೋಂದಣಿಯ ಹೊತ್ತಿಗೇ ಬರೆಸಿ.

ಪೆರ್ಸೂನ್‌ನುಮ್ಮರ್ ಬಂದ ಮೇಲೆ ಸ್ಕತ್ತೆವೆರ್ಕೆತ್‌ನಿಂದ ಗುರುತಿನ ಚೀಟಿ ಮಾಡಿಸಿ, ಬ್ಯಾಂಕ್ ಖಾತೆ ತೆರೆದು, ಬ್ಯಾಂಕ್‌ಐಡಿ ಪಡೆಯಿರಿ. ಬ್ಯಾಂಕ್‌ಐಡಿ ಎಂದರೆ ಮೊಬೈಲ್‌ನಲ್ಲಿ ನೀವೇ ನೀವು ಎಂದು ಸಾಬೀತುಪಡಿಸುವ ಆ್ಯಪ್. ಹಲವು ಕೊಮ್ಯೂನ್‌ಗಳ ಆನ್‌ಲೈನ್ ಅರ್ಜಿ ಇದರಿಂದಲೇ ತೆರೆಯುತ್ತದೆ. ಆದರೆ ಬ್ಯಾಂಕ್‌ಐಡಿ ಬರಲಿ ಎಂದು ಎಸ್‌ಎಫ್‌ಐ ಅರ್ಜಿಯನ್ನು ತಡೆಹಿಡಿಯಬೇಡಿ. ವಯಸ್ಕರ ಶಿಕ್ಷಣ ಕಚೇರಿಗೆ ಪಾಸ್‌ಪೋರ್ಟ್ ಹಿಡಿದು ಹೋಗಿ, ಕಾಗದದ ಅರ್ಜಿ ಇದೆಯಾ ಎಂದು ಕೇಳಿ.

ಹಂತ 3: ಅರ್ಜಿ, ಮಕ್ಕಳಿದ್ದರೆ ಎರಡು ಅರ್ಜಿ

ನೀವು ನೋಂದಣಿಯಾಗಿರುವ ಕೊಮ್ಯೂನ್‌ಗೇ ಅರ್ಜಿ ಹಾಕಬೇಕು. ಕೆಲಸ ಸ್ಟಾಕ್‌ಹೋಮ್‌ನಲ್ಲಿದ್ದು ಮನೆ ಪಕ್ಕದ ಸೋಲ್ನಾದಲ್ಲಿದ್ದರೆ ಸೋಲ್ನಾಕ್ಕೇ ಹಾಕಿ. ಆಫೀಸಿನ ಹತ್ತಿರದ ಶಾಲೆ ಬೇಕೆಂದರೆ ಆ ಮಾತನ್ನೂ ನಿಮ್ಮ ಕೊಮ್ಯೂನ್ ಜೊತೆಗೇ ಆಡಬೇಕು, ಅದು ಒಪ್ಪಲೇಬೇಕೆಂದಿಲ್ಲ. ಅರ್ಜಿಯಲ್ಲಿ ಮಾತೃಭಾಷೆ, ಎಷ್ಟು ವರ್ಷ ಓದಿದ್ದೀರಿ, ಬರುವ ಬೇರೆ ಭಾಷೆಗಳು, ವೃತ್ತಿ, ಹಗಲೋ ಸಂಜೆಯೋ ಎಂದೆಲ್ಲ ಕೇಳುತ್ತಾರೆ. ಮಾತೃಭಾಷೆ ಎಂಬಲ್ಲಿ ಕನ್ನಡ ಎಂದೇ ಬರೆಯಿರಿ. ಇಂಗ್ಲಿಷ್ ಎಂದು ಬರೆದರೆ ಅನುಕೂಲ ಎಂದು ಕೆಲವರು ಅಂದುಕೊಳ್ಳುತ್ತಾರೆ. ಅದರಿಂದ ಲಾಭವೇನೂ ಇಲ್ಲ, ಇಂಗ್ಲಿಷ್‌ಗೆ ‘ಬೇರೆ ಭಾಷೆಗಳು’ ಎಂಬ ಜಾಗ ಇದ್ದೇ ಇದೆ.

ಸಾಮಾನ್ಯ ನಿಯಮದ ಪ್ರಕಾರ ಮೂರು ತಿಂಗಳೊಳಗೆ ಓದು ಶುರುವಾಗುವಂತೆ ಕೊಮ್ಯೂನ್ ನೋಡಿಕೊಳ್ಳಬೇಕು. ಅಷ್ಟರಲ್ಲಿ ಯಾವ ಸುದ್ದಿಯೂ ಬರದಿದ್ದರೆ ಫೋನ್ ಮಾಡಿ ಕೇಳಿ. ಇಲ್ಲಿ ಅದು ಸಹಜ, ಯಾರೂ ಬೇಸರ ಮಾಡಿಕೊಳ್ಳುವುದಿಲ್ಲ.

ಮನೆಯಲ್ಲಿ ಚಿಕ್ಕ ಮಗು ಇದ್ದರೆ ಅದೇ ದಿನ ‘ಫೋರ್‌ಸ್ಕೂಲ’ಕ್ಕೂ (ಸರ್ಕಾರಿ ನೆರವಿನ ಶಿಶುವಿಹಾರ) ಅರ್ಜಿ ಹಾಕಿ. ಒಂದು ವರ್ಷ ತುಂಬಿದ ಮಗುವಿಗೆ, ಅಪ್ಪ ಅಮ್ಮ ಕೆಲಸದಲ್ಲಿದ್ದರೆ ಅಥವಾ ಓದುತ್ತಿದ್ದರೆ, ಅಲ್ಲಿ ಜಾಗ ಸಿಗುವ ಹಕ್ಕಿದೆ. ಆದರೆ ಆ ಜಾಗ ಕೊಡಲು ಕೊಮ್ಯೂನ್‌ಗೆ ನಾಲ್ಕು ತಿಂಗಳ ಕಾಲಾವಕಾಶ ಇದೆ, ಎಸ್‌ಎಫ್‌ಐಗೆ ಮೂರೇ. ತರಗತಿ ಸಿಕ್ಕ ಮೇಲೆ ಮಗುವಿನ ಅರ್ಜಿ ಹಾಕೋಣ ಎಂದು ಕುಳಿತ ಎಷ್ಟೋ ತಾಯಂದಿರು ಸಿಕ್ಕ ತರಗತಿಯನ್ನು ಬಿಟ್ಟುಕೊಟ್ಟಿದ್ದಾರೆ. ಮನೆಯಲ್ಲೇ ಉಳಿದವರಿಗೆ ಈ ದೇಶದಲ್ಲಿ ಭಾಷೆ ಕಿವಿಗೆ ಬೀಳುವ ಅವಕಾಶವೇ ಕಡಿಮೆ, ಹಾಗಾಗಿ ಈ ನಷ್ಟ ದೊಡ್ಡದು. ದಯವಿಟ್ಟು ಎರಡೂ ಅರ್ಜಿಯನ್ನು ಒಟ್ಟಿಗೆ ಹಾಕಿ.

ಹಂತ 4: ಮಟ್ಟ ನೋಡುವ ಮಾತುಕತೆ ಮತ್ತು ‘ಸಿ’ ಕೋರ್ಸಿನ ಗೊಂದಲ

ಅರ್ಜಿ ತಲುಪಿದ ಮೇಲೆ ‘ಕಾಟ್‌ಲೆಗ್ನಿಂಗ್’ಗೆ ಕರೆಯುತ್ತಾರೆ. ನಿಮ್ಮ ಓದಿನ ಹಿನ್ನೆಲೆ, ಈಗ ಬರುವ ಸ್ವೀಡಿಷ್, ಮುಂದೆ ಏನು ಮಾಡಬೇಕೆಂದಿದ್ದೀರಿ ಎಂಬುದನ್ನು ತಿಳಿದುಕೊಳ್ಳುವ ಭೇಟಿ ಅದು. ಇದರ ಆಧಾರದ ಮೇಲೆ ನಿಮ್ಮದೇ ಆದ ಓದಿನ ಯೋಜನೆಯೊಂದು ತಯಾರಾಗುತ್ತದೆ.

ಈಗ ಎಲ್ಲರನ್ನೂ ಗಲಿಬಿಲಿಗೊಳಿಸುವ ವಿಷಯಕ್ಕೆ ಬರೋಣ. ಎಸ್‌ಎಫ್‌ಐನಲ್ಲಿ ಎ, ಬಿ, ಸಿ, ಡಿ ಎಂದು ನಾಲ್ಕು ಕೋರ್ಸ್‌ಗಳು. ಅವುಗಳಿಗೆ ಮೂರು ‘ಸ್ತೂದಿವೇಗ್’, ಅಂದರೆ ಓದಿನ ದಾರಿಗಳು. ಶಾಲೆಗೆ ಹೋಗಿ ಅಭ್ಯಾಸ ಕಡಿಮೆ ಇರುವವರಿಗೆ ಮೊದಲ ದಾರಿ, ಅದು ಎ ಇಂದ ಶುರು. ಎರಡನೆಯದು ಬಿ ಇಂದ. ಡಿಗ್ರಿ, ಡಿಪ್ಲೊಮಾ ಮಾಡಿ ಓದು ಬರಹದಲ್ಲಿ ಪಳಗಿದವರಿಗೆ ಮೂರನೆಯದು, ಅದು ನೇರ ಸಿ ಇಂದಲೇ ಶುರು. ಹಾಗಾಗಿ ಇಂಜಿನಿಯರಿಂಗ್ ಓದಿ ಬಂದವರನ್ನು ಮೊದಲ ದಿನವೇ ಸಿ ಕೋರ್ಸಿನಲ್ಲಿ ಕೂರಿಸಿದರೆ ತಪ್ಪೇನೂ ಆಗಿಲ್ಲ. ಮೂರನೇ ದಾರಿಯ ಸಿ ಎಂದರೆ ಸೊನ್ನೆಯಿಂದ ಶುರುವಾಗುವ ಸಿ. ಅಲ್ಲಿಯೂ ಮೊದಲ ದಿನ ಹೆಸರು ಹೇಳುವುದು, ಅಂಕಿ ಎಣಿಸುವುದೇ. ವೇಗ ಮಾತ್ರ ಜಾಸ್ತಿ.

ಯುರೋಪಿನಲ್ಲಿ ಭಾಷೆಯ ಮಟ್ಟವನ್ನು ಎ1, ಎ2, ಬಿ1, ಬಿ2, ಸಿ1, ಸಿ2 ಎಂದು ಆರು ಮೆಟ್ಟಿಲುಗಳಲ್ಲಿ ಅಳೆಯುತ್ತಾರಲ್ಲ, ಅದಕ್ಕೂ ಎಸ್‌ಎಫ್‌ಐ ಅಕ್ಷರಗಳಿಗೂ ಸಂಬಂಧ ಕಲ್ಪಿಸಬೇಡಿ. ಎಸ್‌ಎಫ್‌ಐನ ಸಿ ಮುಗಿಸಿದವರು ಆ ಅಳತೆಯಲ್ಲಿ ಎ2ರ ಆಸುಪಾಸು ಇರುತ್ತಾರೆ, ಡಿ ಮುಗಿಸಿದವರು ಬಿ1ರ ಆಸುಪಾಸು. ಕೆಲಸದ ಅರ್ಜಿಯಲ್ಲಿ ‘ಸ್ವೀಡಿಷ್: ಸಿ’ ಎಂದು ಬರೆದು, ಸಂದರ್ಶನದಲ್ಲಿ ನಿರರ್ಗಳವಾಗಿ ಮಾತನಾಡುವವರೆಂದು ಅವರು ನಿರೀಕ್ಷಿಸಿ ಮುಜುಗರವಾಗುವುದು ಬೇಡ. ‘ಎಸ್‌ಎಫ್‌ಐ ಸಿ ಕೋರ್ಸ್’ ಎಂದು ಪೂರ್ತಿ ಬರೆಯಿರಿ.

ಈ ಭೇಟಿಯಲ್ಲಿ ಎರಡು ಬಗೆಯ ಎಡವಟ್ಟು ಆಗುತ್ತದೆ. ಮೊಬೈಲ್ ಆ್ಯಪ್‌ನಲ್ಲಿ ಒಂದಿಷ್ಟು ತಿಂಗಳು ಕಲಿತವರು ‘ನನಗೆ ಗೊತ್ತಿದೆ’ ಎಂದು ಹೇಳಿ ಅರ್ಧ ಮುಗಿದ ತಂಡಕ್ಕೆ ಸೇರುತ್ತಾರೆ. ಆ್ಯಪ್‌ನಲ್ಲಿ ಪದ ಗುರುತಿಸುವುದು ಬೇರೆ, ಎದುರಿನವರ ಮಾತು ಕೇಳಿ ತಕ್ಷಣ ಉತ್ತರಿಸುವುದು ಬೇರೆ. ಎರಡನೇ ವಾರಕ್ಕೇ ಹಿಂದೆ ಬೀಳುತ್ತಾರೆ. ಇನ್ನು ಕೆಲವರು ಸಂಕೋಚದಿಂದ ಓದಿದ್ದನ್ನೂ ಹೇಳುವುದಿಲ್ಲ, ನಿಧಾನದ ತಂಡದಲ್ಲಿ ಕುಳಿತು ಬೇಸತ್ತು ಬಿಡುತ್ತಾರೆ. ಓದಿದ ವರ್ಷಗಳನ್ನು ಒಂದನೇ ತರಗತಿಯಿಂದ ಎಣಿಸಿ ಹೇಳಿ. ಸಾಧ್ಯವಾದರೆ ಪದವಿಯ ಪ್ರಮಾಣಪತ್ರದ ಒಂದು ಪ್ರತಿ ಜೊತೆಗಿರಲಿ. ವೃತ್ತಿಯನ್ನೂ ತಪ್ಪದೆ ಹೇಳಿ, ಏಕೆಂದರೆ ಸ್ಟಾಕ್‌ಹೋಮ್ ಪ್ರಾಂತ್ಯದಲ್ಲಿ ‘ಎಸ್‌ಎಫ್‌ಎಕ್ಸ್’ ಎಂಬ ಹೆಸರಿನಲ್ಲಿ ಇಂಜಿನಿಯರ್, ಅರ್ಥಶಾಸ್ತ್ರ ಓದಿದವರು, ಶಿಕ್ಷಕರು, ಚಾಲಕರು ಹೀಗೆ ವೃತ್ತಿಗೆ ತಕ್ಕ ಪ್ರತ್ಯೇಕ ತರಗತಿಗಳಿವೆ. ನೀವು ಕೇಳದಿದ್ದರೆ ಎಷ್ಟೋ ಸಲ ಯಾರೂ ತಾವಾಗಿ ಹೇಳುವುದಿಲ್ಲ.

ದಾರಿ ತಪ್ಪಿದೆ ಅನ್ನಿಸಿದರೆ ಬದಲಾಯಿಸಬಹುದು. ಆದರೆ ಶಿಕ್ಷಕರಿಗೆ ಮೊದಲ ಎರಡು ಮೂರು ವಾರದಲ್ಲೇ ಹೇಳಿ.

ಹಂತ 5: ನಿಮ್ಮಿಂದ ಆಗುವ ವೇಳಾಪಟ್ಟಿ

ಇಡೀ ಎಸ್‌ಎಫ್‌ಐಗೆ ಮಾರ್ಗಸೂಚಿಯಾಗಿ 525 ಗಂಟೆಗಳ ಪಾಠ ಎಂದು ಇಟ್ಟಿದ್ದಾರೆ. ಜನರನ್ನು ನೋಡಿ ಇದು ಹೆಚ್ಚುಕಡಿಮೆ ಆಗುತ್ತದೆ. ವಾರಕ್ಕೆ ಸರಾಸರಿ 15 ಗಂಟೆಯಾದರೂ ಪಾಠ ಸಿಗಬೇಕು ಎಂಬುದು ಕಾನೂನು, ವಿದ್ಯಾರ್ಥಿಯೇ ಕೇಳಿದರೆ ಕಡಿಮೆ ಮಾಡಬಹುದು. ಲೆಕ್ಕ ಹಾಕಿ ನೋಡಿ. ವಾರಕ್ಕೆ 15 ಗಂಟೆಯಾದರೆ 35 ವಾರ. ಕೆಲಸದ ನಡುವೆ ಎರಡು ಸಂಜೆ, ತಲಾ ಮೂರು ಗಂಟೆ ಹೋದರೆ 88 ವಾರಕ್ಕೆ ಹತ್ತಿರ. ಮನೆಪಾಠದ ಸಮಯ ಇದರಲ್ಲಿ ಸೇರಿಲ್ಲ. ಈ ಲೆಕ್ಕ ಮುಂದಿಟ್ಟುಕೊಂಡು ತೀರ್ಮಾನ ಮಾಡಿ.

ಹಗಲಿನ ತರಗತಿ: ಮನೆಯಲ್ಲಿರುವವರಿಗೆ, ಕೆಲಸ ಹುಡುಕುತ್ತಿರುವವರಿಗೆ ಇದೇ ಸರಿ. ಬೇರೆ ಬೇರೆ ದೇಶದವರ ಜೊತೆ ದಿನಾ ಕೂರುವುದರಿಂದ ಸ್ವೀಡಿಷ್ ಬಿಟ್ಟು ಬೇರೆ ಭಾಷೆಯಲ್ಲಿ ಮಾತನಾಡಲು ಆಗುವುದೇ ಇಲ್ಲ. ಅದೇ ದೊಡ್ಡ ಲಾಭ.

ಸಂಜೆ ತರಗತಿ: ಕೆಲಸದಲ್ಲಿರುವವರಿಗೆ. ನವೆಂಬರ್, ಡಿಸೆಂಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಮಧ್ಯಾಹ್ನ ಮೂರು ಗಂಟೆಯ ಹೊತ್ತಿಗೇ ಕತ್ತಲಾಗುತ್ತದೆ. ಆಫೀಸು ಮುಗಿಸಿ ಕತ್ತಲಲ್ಲಿ, ಹಿಮದಲ್ಲಿ ಮತ್ತೊಂದು ಊರ ತುದಿಗೆ ಹೋಗುವುದು ಆಗಸ್ಟ್‌ನಲ್ಲಿ ಸುಲಭವೆನಿಸುತ್ತದೆ, ಡಿಸೆಂಬರ್‌ನಲ್ಲಿ ಅಲ್ಲ. ಒಳ್ಳೆಯ ಶಾಲೆ ಎಂದು ಹೆಸರಿರುವ ದೂರದ್ದಕ್ಕಿಂತ, ಮನೆ ಆಫೀಸುಗಳ ನಡುವೆ ದಾರಿಯಲ್ಲೇ ಇರುವುದನ್ನು ಆರಿಸಿಕೊಳ್ಳಿ.

ಆನ್‌ಲೈನ್ ತರಗತಿ: ಪಾಳಿ ಕೆಲಸದವರಿಗೆ, ತುಂಬ ಪ್ರಯಾಣ ಮಾಡುವವರಿಗೆ ಅನುಕೂಲ. ಸೊನ್ನೆಯಿಂದ ಕಲಿಯುವವರು ಬೇರೆ ದಾರಿ ಇದ್ದರೆ ಇದನ್ನು ಆರಿಸಬೇಡಿ. ಉಚ್ಚಾರಣೆ ತಿದ್ದುವವರಿಲ್ಲದೆ ಮೊದಲ ತಿಂಗಳಲ್ಲಿ ಕುಳಿತ ತಪ್ಪು ಆಮೇಲೆ ಹೋಗುವುದು ಕಷ್ಟ. ಸಿ ಕೋರ್ಸನ್ನು ಎದುರಾಬದುರು ಕೂತು ಮುಗಿಸಿ, ಡಿಯನ್ನು ಬೇಕಾದರೆ ಆನ್‌ಲೈನ್ ಮಾಡಿ.

ಹಲವರಿಗೆ ಗೊತ್ತಿಲ್ಲದ ಒಂದು ಸಂಗತಿ: ಎಸ್‌ಎಫ್‌ಐ ಓದಲು ಬೇಕಾದಷ್ಟು ಹೊತ್ತು ಕೆಲಸದಿಂದ ರಜೆ ಪಡೆಯುವ ಹಕ್ಕು 1986ರ ಕಾನೂನಿನಿಂದಲೇ ನೌಕರರಿಗೆ ಇದೆ. ಆ ಹೊತ್ತಿಗೆ ಸಂಬಳ ನಿರೀಕ್ಷಿಸಬೇಡಿ. ಹಾಗೆಯೇ, ವಿದ್ಯಾರ್ಥಿಗಳಿಗೆ ಸರ್ಕಾರ ಕೊಡುವ ಓದಿನ ಧನಸಹಾಯ ಮತ್ತು ಸಾಲ (ಇದನ್ನು ನೋಡಿಕೊಳ್ಳುವ ಇಲಾಖೆಯ ಹೆಸರು ಸಿಎಸ್‌ಎನ್) ಎಸ್‌ಎಫ್‌ಐಗೆ ಸಿಗುವುದಿಲ್ಲ.

ಹಂತ 6: ಮೊದಲ ತಿಂಗಳಲ್ಲಿ ಕನ್ನಡದ ಕಿವಿಗೆ ಕೊಡಬೇಕಾದ ತರಬೇತಿ

ಕನ್ನಡ ಬಲ್ಲವರಿಗೆ ಸ್ವೀಡಿಷ್ ಉಚ್ಚಾರಣೆಯಲ್ಲಿ ಇರುವ ಅನುಕೂಲ ಬೇರೆ ಬಹುಪಾಲು ವಿದ್ಯಾರ್ಥಿಗಳಿಗೆ ಇಲ್ಲ. ಅದನ್ನು ಬಳಸಿಕೊಳ್ಳಿ.

ಮೊದಲನೆಯದು ತ ಮತ್ತು ಟ. ಇಂಗ್ಲಿಷ್ ಅಭ್ಯಾಸದಿಂದ ನಾವು ಎಲ್ಲ ವಿದೇಶಿ ಪದಗಳಿಗೂ ಟ, ಡ ಹಾಕುತ್ತೇವೆ. ಸ್ವೀಡಿಷ್‌ನಲ್ಲಿ ಮಾಮೂಲಿ ಅಕ್ಷರ ನಮ್ಮ ತ, ದಗಳಂತೆ ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥದ್ದು. ದಿನಕ್ಕೆ ‘ದಾಗ್’, ಡಾಗ್ ಅಲ್ಲ. ಹಾಗಾದರೆ ಟ, ಡ, ಣ, ಷ ಇಲ್ಲವೇ ಎಂದರೆ ಇವೆ. ಬರವಣಿಗೆಯಲ್ಲಿ ತ, ದ, ನ, ಸಗಳ ಹಿಂದೆ ರ ಬಂದರೆ, ರ ಮತ್ತು ಆ ಅಕ್ಷರ ಕರಗಿ ನಮ್ಮ ಮೂರ್ಧನ್ಯಗಳಾಗುತ್ತವೆ. ‘ಬಾರ್ನ್’ ಎಂದು ಬರೆದದ್ದನ್ನು ‘ಬಾಣ್’ ಎನ್ನುತ್ತಾರೆ, ಮಗು ಎಂದರ್ಥ. ಮೇಜಿಗೆ ‘ಬೂಡ್’, ಕಾರ್ಡಿಗೆ ‘ಕೊಟ್’, ಮಾರ್ಚ್ ತಿಂಗಳಿಗೆ ‘ಮಷ್’. ಮೇಲೆ ಪೆರ್ಸೂನ್‌ನುಮ್ಮರ್ ಎಂದು ಬರೆದೆನಲ್ಲ, ಅದು ಬರವಣಿಗೆಗೆ ಹತ್ತಿರದ ರೂಪ. ಆಡುವಾಗ ‘ಪೆಷೂನ್‌ನುಮ್ಮರ್’. (ದಕ್ಷಿಣದ ಸ್ಕೋನೆ ಪ್ರಾಂತ್ಯದಲ್ಲಿ ಹೀಗೆ ಕರಗಿಸುವುದಿಲ್ಲ, ಮಾಲ್ಮೋದಲ್ಲಿರುವವರು ತಮ್ಮ ಶಿಕ್ಷಕರನ್ನು ಅನುಸರಿಸಿ.)

ಎರಡನೆಯದು ದೀರ್ಘ ಮತ್ತು ಒತ್ತು. ಎಲೆ, ಎಲ್ಲೆ ಎರಡನ್ನೂ ಬೇರೆ ಮಾಡಿ ಕೇಳುವ ಕಿವಿ ನಮ್ಮದು. ಸ್ವೀಡಿಷ್‌ನಲ್ಲಿ ‘ತಾಕ್’ ಎಂದರೆ ಚಾವಣಿ, ‘ತಕ್ಕ್’ ಎಂದರೆ ಧನ್ಯವಾದ. ‘ಗ್ಲಾಸ್’ ಎಂದರೆ ಲೋಟ, ‘ಗ್ಲಸ್ಸ್’ ಎಂದರೆ ಐಸ್‌ಕ್ರೀಂ. ಸ್ವರ ಎಳೆದರೆ ಮುಂದಿನ ವ್ಯಂಜನ ಚಿಕ್ಕದು, ಸ್ವರ ಗಿಡ್ಡವಾದರೆ ವ್ಯಂಜನಕ್ಕೆ ಒತ್ತು. ಹೊಸ ಪದಗಳನ್ನು ನೋಟ್‌ಬುಕ್ಕಿನಲ್ಲಿ ಕನ್ನಡ ಲಿಪಿಯಲ್ಲೂ ಬರೆದಿಟ್ಟುಕೊಳ್ಳಿ. ಇಂಗ್ಲಿಷ್ ಅಕ್ಷರಕ್ಕಿಂತ ಕನ್ನಡ ಅಕ್ಷರ ಈ ವ್ಯತ್ಯಾಸವನ್ನು ಚೆನ್ನಾಗಿ ಹಿಡಿದಿಡುತ್ತದೆ.

ಕ ಮತ್ತು ಗ ಕೆಲವು ಸ್ವರಗಳ (ಇ, ಎ ಮತ್ತು ತುಟಿ ದುಂಡಗೆ ಮಾಡಿ ಹೇಳುವ ಅವುಗಳ ಬಂಧುಗಳ) ಮುಂದೆ ಬಣ್ಣ ಬದಲಿಸುತ್ತವೆ. ಕ ಎಂದು ಬರೆದದ್ದು ಶ ಆಗುತ್ತದೆ, ಗ ಎಂದು ಬರೆದದ್ದು ಯ. ನಾವು ಗೊಥೆನ್‌ಬರ್ಗ್ ಎನ್ನುವ ಊರನ್ನು ಅಲ್ಲಿನವರು ‘ಯೋತೆಬೊರಿ’ ಎನ್ನುವುದು ಇದಕ್ಕೇ. ನಿಜವಾಗಿ ಕಷ್ಟ ಕೊಡುವುದು ಕನ್ನಡದಲ್ಲಿ ಇಲ್ಲದ ಸ್ವರಗಳು: ಬಾಯಲ್ಲಿ ಈ ಹೇಳುತ್ತ ತುಟಿಯನ್ನು ಊಗೆ ದುಂಡಗೆ ಮಾಡುವುದು, ಏ ಹೇಳುತ್ತ ತುಟಿಯನ್ನು ಓಗೆ ತರುವುದು. ಕನ್ನಡಿ ಮುಂದೆ ನಿಂತು ದಿನಾ ಐದು ನಿಮಿಷ ಮಾಡಿ.

ಇನ್ನು ವಾಕ್ಯ. ಕನ್ನಡದಲ್ಲಿ ಕ್ರಿಯಾಪದ ಕೊನೆಗೆ. ಸ್ವೀಡಿಷ್‌ನ ಸಾಮಾನ್ಯ ವಾಕ್ಯದಲ್ಲಿ ಅದು ಎರಡನೇ ಜಾಗದಲ್ಲಿ ಕೂರಬೇಕು, ಮೊದಲ ಜಾಗದಲ್ಲಿ ಏನೇ ಬರಲಿ. ‘ಇದಾಗ್ ಅರ್ಬೇತರ್ ಯಾಗ್ ಹೆಮ್ಮ’ ಎಂಬುದನ್ನು ಪದಕ್ಕೆ ಪದ ಇಟ್ಟರೆ ‘ಇವತ್ತು, ಕೆಲಸಮಾಡುತ್ತೇನೆ, ನಾನು, ಮನೆಯಲ್ಲಿ’. ಇಂಗ್ಲಿಷ್ ಬಲ್ಲವರು ‘ಇವತ್ತು, ನಾನು, ಕೆಲಸಮಾಡುತ್ತೇನೆ’ ಎಂದು ಜೋಡಿಸುತ್ತಾರೆ. ಡಿ ಕೋರ್ಸಿನ ಬರಹದಲ್ಲೂ ಉಳಿದುಕೊಳ್ಳುವ ತಪ್ಪು ಇದು. ಮತ್ತೆ ನಾಮಪದಗಳಿಗೆ ‘ಎನ್’ ಅಥವಾ ‘ಎತ್’ ಎಂಬ ಎರಡು ಗುಂಪು. ಸುಮಾರು ಮುಕ್ಕಾಲು ಪಾಲು ಪದಗಳು ‘ಎನ್’ ಗುಂಪಿನವು. ಪದವನ್ನು ಒಂಟಿಯಾಗಿ ಕಲಿಯದೆ, ‘ಎತ್ ಬೂಡ್’, ‘ಎನ್ ದಾಗ್’ ಎಂದು ಜೊತೆಯಾಗಿಯೇ ಬಾಯಿಪಾಠ ಮಾಡಿ. ಆಮೇಲೆ ಕಲಿಯೋಣ ಎಂದು ಬಿಟ್ಟರೆ ಪ್ರತಿ ಪದವನ್ನೂ ಎರಡು ಸಲ ಕಲಿಯಬೇಕಾಗುತ್ತದೆ.

ಹಂತ 7: ಹಾಜರಿ, ಪರೀಕ್ಷೆ, ಗ್ರೇಡ್

ಬರಲಾಗದ ದಿನ ಶಾಲೆಗೆ ತಿಳಿಸಿ. ಸರಿಯಾದ ಕಾರಣವಿಲ್ಲದೆ ಸತತ ಮೂರು ವಾರಕ್ಕಿಂತ ಹೆಚ್ಚು ಗೈರಾದರೆ ಓದು ಬಿಟ್ಟಿದ್ದೀರಿ ಎಂದೇ ಲೆಕ್ಕ. ಊರಿಗೆ ಐದಾರು ವಾರ ಹೋಗುವವರು ಇಲ್ಲೇ ಸಿಕ್ಕಿಕೊಳ್ಳುತ್ತಾರೆ. ಟಿಕೆಟ್ ತೆಗೆಯುವ ಮೊದಲು ಶಿಕ್ಷಕರ ಜೊತೆ ಮಾತನಾಡಿ. ಸಿ ಮುಗಿದು ಡಿ ಶುರುವಾಗುವ ನಡುವೆ ಹೋಗುವುದು ಎಲ್ಲಕ್ಕಿಂತ ಒಳ್ಳೆಯದು. ಓದಿನಲ್ಲಿ ಪ್ರಗತಿಯೇ ಕಾಣದಿದ್ದರೂ ಕೊಮ್ಯೂನ್ ಓದನ್ನು ನಿಲ್ಲಿಸಬಹುದು. ಮತ್ತೆ ಸೇರಲು ವಿಶೇಷ ಕಾರಣ ತೋರಿಸಬೇಕಾಗುತ್ತದೆ.

ಬಿ, ಸಿ, ಡಿ ಕೋರ್ಸ್‌ಗಳ ಕೊನೆಗೆ ದೇಶದಾದ್ಯಂತ ಒಂದೇ ಬಗೆಯ ಪರೀಕ್ಷೆ ಇರುತ್ತದೆ. ಓದುವುದು, ಕೇಳುವುದು, ಬರೆಯುವುದು, ಮಾತನಾಡುವುದು ಎಂದು ನಾಲ್ಕು ಭಾಗ. ಮಾತಿನ ಭಾಗದಲ್ಲಿ ಇನ್ನೊಬ್ಬ ವಿದ್ಯಾರ್ಥಿಯ ಜೊತೆ ಸಂಭಾಷಣೆಯೂ ಬರುತ್ತದೆ. ಅಲ್ಲಿ ಉರುಹೊಡೆದದ್ದನ್ನು ಒಪ್ಪಿಸಿದರೆ ಸಾಲದು, ಎದುರಿನವರು ಹೇಳಿದ್ದಕ್ಕೆ ಪ್ರತಿಕ್ರಿಯೆ ಕೊಡಬೇಕು, ಅರ್ಥವಾಗದಿದ್ದರೆ ಸ್ವೀಡಿಷ್‌ನಲ್ಲೇ ಮತ್ತೆ ಕೇಳಬೇಕು. ಓದುವುದರಲ್ಲಿ ಚೆನ್ನಾಗಿದ್ದೂ ನಮ್ಮವರು ಹಿಂದೆ ಬೀಳುವುದು ಸಾಮಾನ್ಯವಾಗಿ ಕೇಳುವ ಭಾಗದಲ್ಲಿ. ಪಾಠದ ಆಡಿಯೊವನ್ನು ಬರಹ ನೋಡದೆ ಎರಡು ಸಲ ಕೇಳಿ, ಮೂರನೇ ಸಲ ಮಾತ್ರ ಬರಹ ತೆರೆಯಿರಿ.

ಗ್ರೇಡ್ ಎ ಇಂದ ಎಫ್ ವರೆಗೆ, ಎಫ್ ಎಂದರೆ ಅನುತ್ತೀರ್ಣ. ಕೊಡುವವರು ಶಿಕ್ಷಕರು. ಪರೀಕ್ಷೆಯ ಜೊತೆಗೆ ತರಗತಿಯಲ್ಲಿ ಅವರು ಕಂಡದ್ದೂ ಲೆಕ್ಕಕ್ಕೆ ಬರುತ್ತದೆ, ಆದ್ದರಿಂದ ಹಿಂದಿನ ಬೆಂಚಿನಲ್ಲಿ ಬಾಯಿಮುಚ್ಚಿ ಕೂರಬೇಡಿ.

ಹಂತ 8: ತರಗತಿಯ ಹೊರಗೆ ಇಂಗ್ಲಿಷ್‌ನಿಂದ ತಪ್ಪಿಸಿಕೊಳ್ಳುವುದು

ಸ್ವೀಡನ್‌ನಲ್ಲಿ ಭಾಷೆ ಕಲಿಯಲು ಇರುವ ದೊಡ್ಡ ಅಡ್ಡಿ ಎಂದರೆ ಎಲ್ಲರಿಗೂ ಇಂಗ್ಲಿಷ್ ಬರುವುದು. ನೀವು ತಡವರಿಸಿದ ಕೂಡಲೇ ನಿಮಗೆ ಸಹಾಯವಾಗಲಿ ಎಂದು ಅವರು ಇಂಗ್ಲಿಷ್‌ಗೆ ಹೊರಳುತ್ತಾರೆ. ‘ಕನ್ ವೀ ಪ್ರಾತ ಸ್ವೆನ್ಸ್ಕ?’ (ಸ್ವೀಡಿಷ್‌ನಲ್ಲಿ ಮಾತಾಡೋಣವೇ?) ಎಂದು ಕೇಳಲು ಕಲಿಯಿರಿ. ಬಹುತೇಕ ಎಲ್ಲರೂ ಖುಷಿಯಿಂದ ಒಪ್ಪುತ್ತಾರೆ. ಆಫೀಸಿನಲ್ಲಿ ಎಲ್ಲರನ್ನೂ ಕೇಳುವುದು ಕಷ್ಟ, ಒಬ್ಬ ಸಹೋದ್ಯೋಗಿಯ ಜೊತೆ ಕಾಫಿಯ ಹೊತ್ತಿನಲ್ಲಿ ಮಾತ್ರ ಸ್ವೀಡಿಷ್ ಎಂದು ಮಾತಾಡಿಕೊಂಡರೆ ಸಾಕು.

ಸಾರ್ವಜನಿಕ ಗ್ರಂಥಾಲಯಗಳಲ್ಲಿ, ಚರ್ಚ್‌ಗಳಲ್ಲಿ ‘ಸ್ಪ್ರೋಕ್‌ಕಫೆ’ ನಡೆಯುತ್ತದೆ. ಮಾತನಾಡಿ ಅಭ್ಯಾಸ ಮಾಡಲೆಂದೇ ಇರುವ ಉಚಿತ ಕೂಟ ಅದು. ಸ್ಥಳೀಯ ಹಿರಿಯರು ಬಂದು ಕೂತು ತಾಳ್ಮೆಯಿಂದ ಮಾತನಾಡಿಸುತ್ತಾರೆ. ಹೆಸರು ನೋಂದಾಯಿಸಬೇಕಿಲ್ಲದ ಕಡೆಗಳೇ ಹೆಚ್ಚು, ಪೆರ್ಸೂನ್‌ನುಮ್ಮರ್ ಇಲ್ಲದವರೂ ಹೋಗಬಹುದು. ಸ್ವೀಡಿಷ್ ರೇಡಿಯೊದಲ್ಲಿ ಸುಲಭ ಭಾಷೆಯ ಚಿಕ್ಕ ವಾರ್ತೆ ಬರುತ್ತದೆ, ಸುಲಭ ಸ್ವೀಡಿಷ್‌ನ ‘ಒತ್ತ ಸೀದೊರ್’ ಎಂಬ ಪತ್ರಿಕೆ ಅಂತರ್ಜಾಲದಲ್ಲಿ ಉಚಿತ. ನೋಂದಣಿಗೆ ಕಾಯುತ್ತಿರುವವರು ಈ ಸಮಯವನ್ನು ಹಾಳುಮಾಡಬೇಡಿ. ಸ್ವೀಡಿಷ್ ಇನ್‌ಸ್ಟಿಟ್ಯೂಟ್ ನಡೆಸುವ ಆನ್‌ಲೈನ್ ಕೋರ್ಸ್ ಉಚಿತವಾಗಿದೆ. ದುಡ್ಡು ಕೊಟ್ಟು ತರಗತಿಗೆ ಹೋಗುವುದಾದರೆ ಫೋಲ್ಕ್‌ಯೂನಿವರ್ಸಿತೇತೆತ್‌ನಂಥ ಸಂಸ್ಥೆಗಳಿವೆ. ಒಂದು ವರ್ಷದೊಳಗೆ ವಾಪಸ್ ಹೋಗುವವರಿಗೂ ಇದೇ ದಾರಿ.

ಹಂತ 9: ಡಿ ಮುಗಿದ ಮೇಲೆ

ಡಿ ಎಂದರೆ ದಿನನಿತ್ಯದ ಬದುಕಿಗೆ ಸಾಕಾಗುವಷ್ಟು. ಮುಂದಿನದು ‘ಎ‌ಸ್‌ವಿಎ’, ಅಂದರೆ ಎರಡನೇ ಭಾಷೆಯಾಗಿ ಸ್ವೀಡಿಷ್. ಮೊದಲು ಪ್ರಾಥಮಿಕ ಹಂತ, ಅದಾದ ಮೇಲೆ ಪ್ರೌಢ ಹಂತದ 1, 2, 3. ಸ್ವೀಡಿಷ್‌ನಲ್ಲಿ ನಡೆಯುವ ವಿಶ್ವವಿದ್ಯಾಲಯದ ಕೋರ್ಸ್‌ಗೆ 3ರವರೆಗೆ ಬೇಕು, ಇಲ್ಲವೇ ‘ತೀಸುಸ್’ ಎಂಬ ಪರೀಕ್ಷೆ ಪಾಸಾಗಬೇಕು. ವೈದ್ಯಕೀಯ ಓದಿ ಬಂದವರಿಗೆ ಪರವಾನಗಿ ಪಡೆಯಲು ಯುರೋಪಿನ ಅಳತೆಯ ಸಿ1 ಮಟ್ಟ ಬೇಕು. ಎಸ್‌ಎಫ್‌ಐ ಡಿ ಇಂದ ಅದು ಬಹಳ ದೂರ, ಆದ್ದರಿಂದ ಅವರು ಕಾಟ್‌ಲೆಗ್ನಿಂಗ್ ದಿನವೇ ಇದನ್ನು ಹೇಳಿ ಯೋಜನೆಯಲ್ಲಿ ಬರೆಸಬೇಕು.

ಎಸ್‌ವಿಎಗೆ ಹೊಸದಾಗಿ ಅರ್ಜಿ ಹಾಕಬೇಕು, ಎಸ್‌ಎಫ್‌ಐನಿಂದ ತಾನಾಗಿ ಮುಂದುವರಿಯುವುದಿಲ್ಲ. ಅರ್ಜಿಗೆ ಕೊನೆಯ ದಿನಾಂಕಗಳಿರುತ್ತವೆ, ಡಿ ಪರೀಕ್ಷೆಯ ದಿನ ಗೊತ್ತಾದಾಗಲೇ ಅವನ್ನು ನೋಡಿಕೊಳ್ಳಿ. ಗ್ರೇಡ್ ಬಂದ ವಾರವೇ ಶಾಲೆಯಿಂದ ‘ಬೆತ್ಯೂಗ್’ (ಗ್ರೇಡ್ ಪತ್ರ) ಕೇಳಿ ಪಡೆದು, ಒಂದು ಪಿಡಿಎಫ್ ಪ್ರತಿಯನ್ನು ನಿಮ್ಮ ಹತ್ತಿರವೇ ಇಟ್ಟುಕೊಳ್ಳಿ. ಬೇರೆ ಕೊಮ್ಯೂನ್‌ಗೆ ಮನೆ ಬದಲಾಯಿಸಿದರೆ ಅಲ್ಲಿಯೂ ಮೊದಲು ಕೇಳುವುದು ಅದನ್ನೇ.